ಕೆಂಗೇರಿ: ಹೊಳೆಯ ಕೆಳಪಾತ್ರದ ಊರು

2007ರ ಜನವರಿಯವರೆಗೂ ಕೆಂಗೇರಿಗೆ ತನ್ನದೇ ಪುರಸಭೆ ಇತ್ತು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿದಾಗ ಏಳು ನಗರಸಭೆಗಳು, 110 ಹಳ್ಳಿಗಳು ಅದರಲ್ಲಿ ಸೇರಿಹೋದವು. ಹಾಗೆ ಸೇರಿದ ಪುರಸಭೆ ಮಾತ್ರ ಇದೊಂದೇ. ಅಲ್ಲಿಗೆ ಊರು ಹೋಗಿ ವಾರ್ಡಾಯಿತು. 2010ರಲ್ಲಿ, 2015ರಲ್ಲಿ ಕಾರ್ಪೊರೇಟರ್‌ಗಳು ಆಯ್ಕೆಯಾದರು. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ಆ ಕುರ್ಚಿ ಖಾಲಿ ಬಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯನ್ನೇ ಐದಾಗಿ ಒಡೆದರು. ಮತ್ತೆ ಕರಪತ್ರ ಹಿಡಿದು ಮನೆಬಾಗಿಲಿಗೆ ಬರುವ ಅಭ್ಯರ್ಥಿ ಮೊದಲು ಏನನ್ನು ಮಾತಾಡಬೇಕು ಎಂಬುದಕ್ಕೆ ಈ ಊರಿನ ಚರಿತ್ರೆಯಲ್ಲೇ ಉತ್ತರವಿದೆ.

ಕೆಂಗೇರಿ ಒಂದು ಕಾಲಕ್ಕೆ ರೇಷ್ಮೆಯ ಊರು. 1866ರಲ್ಲಿ ದೆ ವೆಕ್ಕಿ ಎಂಬ ಇಟಲಿಯವನು ಇಲ್ಲಿ ನೂಲು ಬಿಚ್ಚುವ ಕಾರ್ಖಾನೆ ಹಾಕಿದ್ದ. ಹುಳು ಜಪಾನಿನಿಂದ ಬರುತ್ತಿತ್ತು. ಆಮೇಲೆ ಮೈಸೂರಿನ ರೈಲು ಬಂತು, ಉಪನಗರ ಎದ್ದಿತು. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಕೆಂಗೇರಿ ಮುಟ್ಟಿತು, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೆ ಮುಂದುವರಿಯಿತು. ದಾರಿಗಳ ವಿಷಯದಲ್ಲಿ ಈ ಊರು ಭಾಗ್ಯವಂತ. ನೀರಿನ ವಿಷಯದಲ್ಲಿ ಅಲ್ಲ.

ಊರಿನ ಬದಿಯಲ್ಲಿ ಹರಿಯುವ ವೃಷಭಾವತಿ ಹೊಳೆಯ ಒಂದು ಕವಲು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟುತ್ತದೆ ಎಂಬುದು ಜನರ ನಂಬಿಕೆ. ಇನ್ನೊಂದು ಕವಲು ಮಲ್ಲೇಶ್ವರದ ಕಡೆಯದು. ರಾಜಾಜಿನಗರ, ಕಾಮಾಕ್ಷಿಪಾಳ್ಯ, ಪೀಣ್ಯದ ಕೊಳೆಯನ್ನೆಲ್ಲ ಹೊತ್ತು ಹೊಳೆ ನಾಯಂಡಹಳ್ಳಿ ದಾಟಿ ಕೆಂಗೇರಿ ಬದಿಗೆ ಬರುತ್ತದೆ. ಅಷ್ಟು ಹೊತ್ತಿಗೆ ನೀರು ಕಪ್ಪು. ಮಳೆ ಬಿದ್ದ ಮರುದಿನ ಸೇತುವೆಯ ಕೆಳಗೆ ಬಿಳಿ ನೊರೆ. ಮೈಸೂರು ಬಸ್ಸಿನಲ್ಲಿ ಕಿಟಕಿಗಳು ಪಟಪಟನೆ ಮುಚ್ಚಿಕೊಳ್ಳುತ್ತವೆ, ಸೆರಗು ಮೂಗಿಗೆ ಹೋಗುತ್ತದೆ, "ಕೆಂಗೇರಿ ಮೋರಿ ಬಂತು" ಎನ್ನುತ್ತಾರೆ. ಕೊಳೆ ಮೇಲಿನ ಬಡಾವಣೆಗಳದ್ದು, ಕೆಟ್ಟ ಹೆಸರು ಮಾತ್ರ ಕೆಂಗೇರಿಗೆ. ಇದು ನನ್ನ ಮಟ್ಟಿಗೆ ಬರೀ ವಾಸನೆಯ ದೂರಲ್ಲ, ಒಂದು ಊರಿಗೆ ಆದ ಅನ್ಯಾಯ. 2020ರ ಜೂನ್ ಮಳೆಗೆ ಕೆಂಗೇರಿಯ ಹತ್ತಿರ ಕಾಲುವೆಯ ತಡೆಗೋಡೆ ಕುಸಿದು ನೀರು ರಸ್ತೆಗೆ ನುಗ್ಗಿದಾಗಲೂ ನಷ್ಟ ಕೆಳಗಿದ್ದವರಿಗೇ. ಇನ್ನೂ ಕೆಳಗೆ, ಬಿಡದಿಯ ಬೈರಮಂಗಲ ಕೆರೆಯ ರೈತರು ಇದೇ ನೀರನ್ನು ಹೊಲಕ್ಕೆ ಹಾಯಿಸಿ ಮೇವು, ಹಿಪ್ಪುನೇರಳೆ ಬೆಳೆಯುತ್ತಾರೆ. ಕನಕಪುರದ ಹತ್ತಿರ ಅರ್ಕಾವತಿಯನ್ನು ಕೂಡಿ, ಕೊನೆಗೆ ಕಾವೇರಿಗೇ ಅದು ಸೇರುವುದು.

ಹಾಗಾಗಿ ಅಭ್ಯರ್ಥಿಯ ಪಟ್ಟಿಯಲ್ಲಿ ಹೊಳೆಯೇ ಮೊದಲಿರಬೇಕು ಎಂಬುದು ನನ್ನ ಹಟ. "ಗೆದ್ದರೆ ಹೊಳೆ ಶುದ್ಧ ಮಾಡುತ್ತೇನೆ" ಎಂದರೆ ಮಾತ್ರ ನಂಬಬಾರದು. ಒಳಚರಂಡಿ ಜಲಮಂಡಳಿಯದು, ಕಾರ್ಖಾನೆಯ ತ್ಯಾಜ್ಯದ ಮೇಲಿನ ಕಣ್ಣು ಮಾಲಿನ್ಯ ನಿಯಂತ್ರಣ ಮಂಡಳಿಯದು, ಬಸ್ಸು ಬಿಎಂಟಿಸಿಯದು, ಮೆಟ್ರೋ ಬಿಎಂಆರ್‌ಸಿಎಲ್‌ನದು. ಕಾರ್ಪೊರೇಟರ್ ಕೈಯಲ್ಲಿ ಉಳಿಯುವುದು ವಾರ್ಡಿನ ರಸ್ತೆ, ಬೀದಿದೀಪ, ಕಸ, ಪಾರ್ಕು, ರಾಜಕಾಲುವೆ. ಈ ರಾಜಕಾಲುವೆಯಲ್ಲೇ ಒಂದು ದಾರಿ ಇದೆ. ತನ್ನ ವಾರ್ಡಿನ ಯಾವ ಮೋರಿಗೆ ಯಾವ ಮನೆಗಳ, ಯಾವ ಶೆಡ್ಡುಗಳ ಪೈಪು ಸೇರಿಕೊಂಡಿದೆ ಎಂದು ನಕ್ಷೆ ಬರೆಸಿ, ವಾರ್ಡ್ ಸಮಿತಿಯಲ್ಲಿ ಓದಿ, ಜಲಮಂಡಳಿಯ ಎಂಜಿನಿಯರನ್ನು ಅದೇ ಸಭೆಗೆ ಕರೆಸಬಹುದು. ಆ ನಕ್ಷೆಯನ್ನು ಕೈಯಲ್ಲಿಟ್ಟುಕೊಂಡರೆ ಮೇಲಿನ ವಾರ್ಡಿನವರ ಮುಂದೆಯೂ ಗಟ್ಟಿಯಾಗಿ ಮಾತಾಡಬಹುದು.

ಕೆರೆಯ ಒತ್ತುವರಿ, ಖಾತೆಗೆ ಅಲೆಯುವ ಕಷ್ಟ, ಇವೂ ಇವೆ. ಮೆಟ್ರೋ ಇಳಿದವರು ಹಳೇ ಊರಿನ ಒಳಗಲ್ಲಿಗಳಿಗೆ ಹೋಗಲು ನಡೆಯುವ ಜಾಗವೇ ಸರಿಯಿಲ್ಲ. ಫುಟ್‌ಪಾತ್ ವಾರ್ಡಿನ ದುಡ್ಡಿನಲ್ಲೇ ಆಗುವ ಕೆಲಸ, ಅದಕ್ಕೆ ಯಾವ ಮಂತ್ರಿಯ ಅನುಮತಿಯೂ ಬೇಡ.

ಮನೆಗೆ ಮತ ಕೇಳಲು ಬಂದವರನ್ನು ಕೂರಿಸಿ ನೀರು ಕೊಟ್ಟು ಎರಡು ಪ್ರಶ್ನೆ ಕೇಳಿ: ಮೊದಲ ಆರು ತಿಂಗಳಲ್ಲಿ ಯಾವ ಮೋರಿಯ ನಕ್ಷೆ ತೆಗೆಸುತ್ತೀರಿ? ಹೊಳೆಯ ಮೇಲ್ಭಾಗದ ಯಾವ ಕಾರ್ಪೊರೇಟರ್‌ಗಳ ಜೊತೆ ಕೂತು ಮಾತಾಡುತ್ತೀರಿ?