ಮನೆ ಹೊತ್ತ ಗಾಡಿ, ಮಳೆಗಾಲದ ದಾರಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ‘ಮನೆ ಬದಲಿಸಿ ನೋಡು’ ಎನ್ನಲಿಲ್ಲ. ಅದಕ್ಕೆ ಕಾರಣವಿದೆ. ಹೊಲ, ಗದ್ದೆ, ತೋಟಗಳನ್ನು ನಂಬಿ ಬದುಕುತ್ತಿದ್ದ ಸಂಸಾರಕ್ಕೆ ಮನೆ ಬದಲಿಸುವ ಪ್ರಸಂಗ ಜೀವಮಾನದಲ್ಲಿ ಒಮ್ಮೆ ಬಂದರೂ ಹೆಚ್ಚು. ಬರಗಾಲ, ರೋಗರುಜಿನ, ಅಣ್ಣತಮ್ಮಂದಿರ ಪಾಲು ಇಂಥ ಕಾರಣಗಳಿಲ್ಲದೆ ಯಾರೂ ಒಲೆ ಕಿತ್ತು ಹೊರಡುತ್ತಿರಲಿಲ್ಲ. ಮೂರು ವರ್ಷಕ್ಕೊಮ್ಮೆ, ಐದು ವರ್ಷಕ್ಕೊಮ್ಮೆ ಪಾತ್ರೆಪಡಗ ಕಟ್ಟಿಕೊಂಡು ಊರೂರು ಸುತ್ತುವುದು ಸಂಬಳದ ನೌಕರಿ ತಂದ ರೂಢಿ. ಈ ರೂಢಿಗೆ ಆಕಾರ ಕೊಟ್ಟಿದ್ದು ಎರಡು ಸಂಗತಿಗಳು: ಒಂದು ಮಳೆ, ಇನ್ನೊಂದು ವಾಹನ. ಯಾವ ತಿಂಗಳಲ್ಲಿ ಹೊರಡಬೇಕು, ಯಾವ ಗಾಡಿ ಹಿಡಿಯಬೇಕು ಎಂಬ ಪ್ರಶ್ನೆಗೆ ಕನ್ನಡನಾಡಿನ ಜನ ಕಾಲಕಾಲಕ್ಕೆ ಕಂಡುಕೊಂಡ ಉತ್ತರಗಳಲ್ಲಿ ಈ ನೆಲದ ರಸ್ತೆ, ಹೊಳೆ, ಘಟ್ಟಗಳ ಚರಿತ್ರೆಯೇ ಅಡಗಿದೆ.

ಆಷಾಢದ ಲೆಕ್ಕ

ಆಷಾಢದಲ್ಲಿ ಮನೆ ಬದಲಿಸಬಾರದೆಂಬ ನಂಬಿಕೆ ಇಂದಿಗೂ ಗಟ್ಟಿಯಾಗಿದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಗೊತ್ತುಮಾಡಿಕೊಂಡವರು ಕೂಡ ಹಾಲು ಉಕ್ಕಿಸುವುದನ್ನು ಶ್ರಾವಣಕ್ಕೆ ಮುಂದೂಡುವುದುಂಟು. ತುಳುನಾಡಿನಲ್ಲಿ ಆಟಿ ತಿಂಗಳಿಗೂ ಇಂಥದೇ ನಿಷೇಧ. ಗೃಹಪ್ರವೇಶಕ್ಕೆ ಶ್ರೇಷ್ಠವೆಂದು ಪಂಚಾಂಗ ಹೇಳುವ ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠ ಮಾಸಗಳು ಬಹುಮಟ್ಟಿಗೆ ಜನವರಿಯ ಕೊನೆಯಿಂದ ಜೂನ್‌ವರೆಗಿನ ಅವಧಿಯಲ್ಲಿ ಬೀಳುತ್ತವೆ. ಇದಕ್ಕೆ ಶಾಸ್ತ್ರ ಕೊಡುವ ಕಾರಣ ಬೇರೆ. ರಸ್ತೆ ಕೊಡುವ ಕಾರಣ ಇನ್ನೂ ಸರಳ.

ಎತ್ತಿನ ಗಾಡಿ ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ನಡೆಯುತ್ತದೆ. ಎತ್ತುಗಳಿಗೆ ಮೇವು, ನೀರು, ವಿಶ್ರಾಂತಿ ಕೊಟ್ಟು ದಿನಕ್ಕೆ ಇಪ್ಪತ್ತೈದು ಮೂವತ್ತು ಕಿ.ಮೀ. ಸಾಗಿದರೆ ಅದೇ ದೊಡ್ಡದು. ನೂರು ಕಿ.ಮೀ. ದೂರದ ಊರೆಂದರೆ ನಾಲ್ಕು ಹಗಲು, ಮೂರು ರಾತ್ರಿ ಬಯಲಿನಲ್ಲಿ. ಉತ್ತರದ ಎರೆಭೂಮಿಯಲ್ಲಿ ಜೋರು ಮಳೆ ಬಿದ್ದರೆ ಚಕ್ಕಡಿಯ ಗಾಲಿ ಕೆಸರಿನಲ್ಲಿ ಹೂತು ಎತ್ತುಗಳು ನಿಂತಲ್ಲೇ ನಿಲ್ಲುತ್ತಿದ್ದವು. ಮಲೆನಾಡಿನಲ್ಲಿ ಸೇತುವೆಯಿಲ್ಲದ ಹಳ್ಳ ಇಳಿಯುವವರೆಗೆ ಗಾಡಿ ಈಚೆ ದಡದಲ್ಲೇ ಕಾಯಬೇಕಿತ್ತು. ಕರಾವಳಿಯಲ್ಲಿ ಸಾಮಾನು ಸಾಗಿಸುತ್ತಿದ್ದ ಹಾಯಿಯ ಮಂಜಿಗಳು ಮಳೆಗಾಲ ಬಂತೆಂದರೆ ದಡ ಸೇರುತ್ತಿದ್ದವು. ಇವೆಲ್ಲಕ್ಕಿಂತ ಮಿಗಿಲಾಗಿ ಆಷಾಢವೆಂದರೆ ಉಳುಮೆ, ನಾಟಿಯ ಕಾಲ. ಎತ್ತೂ ಹೊಲದಲ್ಲಿ, ಆಳೂ ಹೊಲದಲ್ಲಿ. ಬಾಡಿಗೆಗೆ ಗಾಡಿ ಕೊಡುವವರು ಯಾರು? ಸುಗ್ಗಿ ಮುಗಿದು, ಸಂಕ್ರಾಂತಿ ಕಳೆದು, ಎತ್ತುಗಳಿಗೆ ಬಿಡುವಾದ ಮೇಲೆ ಒಣಗಿದ ದಾರಿಯಲ್ಲಿ ಹೊರಡುವುದೇ ಜಾಣತನವಾಗಿತ್ತು. ಪಂಚಾಂಗ ಏನೇ ಹೇಳಲಿ, ಆ ಕಾಲದ ಸಂಸಾರಕ್ಕೆ ಆಷಾಢದ ನಿಷೇಧ ನಷ್ಟದ ಮಾತಾಗಿರಲಿಲ್ಲ.

ವರ್ಗಾವಣೆಯ ಕಾಲ

ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಸರ್ಕಾರಿ ವರ್ಗಾವಣೆ. 1956ರ ನವೆಂಬರ್ 1ರಂದು ಹಳೆಯ ಮೈಸೂರು, ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು, ಹೈದರಾಬಾದ್ ಸಂಸ್ಥಾನದ ಭಾಗಗಳು, ಕೊಡಗು, ದಕ್ಷಿಣ ಕನ್ನಡ ಒಂದಾದಾಗ ಭೂಪಟದ ಜೊತೆ ನೌಕರನ ದಾರಿಯೂ ಉದ್ದವಾಯಿತು. ಬೀದರಿನ ಗುಮಾಸ್ತ ಮಂಗಳೂರಿಗೆ, ಮೈಸೂರಿನ ಮೇಷ್ಟರು ರಾಯಚೂರಿಗೆ ಹೋಗಬೇಕಾದ ಕಾಲ ಬಂತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ; ರಾಯಚೂರಿಗೆ ಅದರ ಹತ್ತನೇ ಒಂದು ಪಾಲು ಬಿದ್ದರೆ ಒಳ್ಳೆಯ ವರ್ಷ. ಒಂದೇ ರಾಜ್ಯದೊಳಗೆ ಸಂಸಾರವೊಂದು ಎರಡು ಬೇರೆ ಬೇರೆ ಹವಾಮಾನಗಳನ್ನು ದಾಟಬೇಕಾಗಿತ್ತು.

ರೈಲು ಇತ್ತು, ನಿಜ. ಬೆಂಗಳೂರು–ಮೈಸೂರು ಮಾರ್ಗ 1882ರ ಹೊತ್ತಿಗೇ ಸಿದ್ಧವಾಗಿತ್ತು. ಮಂಗಳೂರಿಗೆ ದಕ್ಷಿಣದ ಕಡೆಯಿಂದ 1907ರಲ್ಲಿ ರೈಲು ಬಂತು. ಆದರೆ ಮಂಗಳೂರಿನಿಂದ ಘಟ್ಟ ಹತ್ತಿ ಹಾಸನ ಸೇರುವ ಹಳಿ ಪೂರ್ತಿಯಾದದ್ದು 1979ರಲ್ಲಿ. ರೈಲಿನ ಇನ್ನೊಂದು ತೊಂದರೆಯೆಂದರೆ ಸಾಮಾನನ್ನು ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಮನೆಗೆ ಮತ್ತೆ ಗಾಡಿಯಲ್ಲೇ ಸಾಗಿಸಬೇಕು. ಏರಿಸಿ ಇಳಿಸಿದಷ್ಟೂ ಸಲ ಒಂದೊಂದು ಭರಣಿ ಒಡೆಯುತ್ತಿತ್ತು. ಬಾಗಿಲಿನಿಂದ ಬಾಗಿಲಿಗೆ ಬರುವ ಲಾರಿ ಗೆದ್ದದ್ದು ಇಲ್ಲಿಯೇ.

ಜರ್ಮನಿಯ ಡೈಮ್ಲರ್–ಬೆಂಜ್ ಸಹಯೋಗದಲ್ಲಿ ಟಾಟಾ ಕಂಪನಿ 1954ರಲ್ಲಿ ಜೆಮ್ಷೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. ಮದರಾಸಿನ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೈಲ್ಯಾಂಡ್ ಆಯಿತು. ‘ಟಾಟಾ ಬೆಂಜ್’, ‘ಲೈಲ್ಯಾಂಡ್’ ಎಂಬ ಹೆಸರುಗಳು ಹಳ್ಳಿಯ ಹುಡುಗರ ಬಾಯಲ್ಲೂ ಓಡಾಡಿದವು. ಆದರೆ ಈ ಲಾರಿಗಳು ಅಕ್ಕಿ, ಹೆಂಚು, ಸಿಮೆಂಟಿಗೆಂದು ಹುಟ್ಟಿದವು. ಟನ್ನುಗಟ್ಟಲೆ ಹೊರುವ ವಾಹನಕ್ಕೆ ಗುಮಾಸ್ತನ ಸಂಸಾರ ಒಂದು ಮೂಲೆಗೂ ಸಾಲದು. ಪೂರ್ತಿ ಬಾಡಿಗೆ ತೆರುವ ಶಕ್ತಿ ಸಂಬಳಕ್ಕಿಲ್ಲ. ನೌಕರನ ದರ್ಜೆಗೆ ತಕ್ಕ ತೂಕಕ್ಕೆ ಮಾತ್ರ ಸರ್ಕಾರದ ಭತ್ಯೆ. ಆದ್ದರಿಂದ ಒಂದೇ ದಿಕ್ಕಿಗೆ ಹೊರಟ ಎರಡು ಸಂಸಾರಗಳು ಒಂದು ಲಾರಿ ಹಿಡಿಯುವುದು, ಸರಕು ಇಳಿಸಿ ಖಾಲಿ ಮರಳುವ ಲಾರಿಗೆ ಕಾದು ಕಡಿಮೆ ಬಾಡಿಗೆಗೆ ಒಪ್ಪಿಸುವುದು ಇಂಥ ಉಪಾಯಗಳು ಬಳಕೆಗೆ ಬಂದವು. ಹಾಗೆ ಹಿಡಿದ ಲಾರಿ ಹಿಂದೆ ಹೊತ್ತು ತಂದದ್ದೇನು ಎಂದು ವಿಚಾರಿಸುವುದು ಮುಖ್ಯವಾಗಿತ್ತು. ಸಿಮೆಂಟಿನ ಧೂಳು ಗುಡಿಸಿದರೆ ಹೋಗುತ್ತದೆ. ಒಣಮೀನಿನ ವಾಸನೆ ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಹೇರುವ ಕಸಬು

ಸಾಮಾನು ಹೇರುವುದು ಹಮಾಲರ ಕೈಯಲ್ಲಿ ಬೆಳೆದ ಒಂದು ವಿದ್ಯೆ. ರುಬ್ಬುವ ಕಲ್ಲು, ಹಂಡೆ, ಟ್ರಂಕುಗಳು ಅಡಿಯಲ್ಲಿ. ಕಬ್ಬಿಣದ ಬೀರು ಚಾಲಕನ ಕ್ಯಾಬಿನ್ನಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಬಿಚ್ಚಿದ ಮಂಚ ಪಕ್ಕದ ಹಲಗೆಗೆ ಒರಗಬೇಕು. ಸಂದುಗಳಲ್ಲಿ ಹಾಸಿಗೆಯ ಸುರುಳಿ, ಗಾಜು ಪಿಂಗಾಣಿಗೆ ಭತ್ತದ ಹುಲ್ಲು ಅಥವಾ ಹಳೆಯ ಸೀರೆ. ಉಪ್ಪಿನಕಾಯಿ ಭರಣಿ ಮತ್ತು ದೇವರ ಪೆಟ್ಟಿಗೆ ಮಾತ್ರ ಹಮಾಲರ ಕೈಗೆ ಹೋಗದೆ ಮನೆಯವರ ಮಡಿಲಲ್ಲೇ ಪ್ರಯಾಣ ಮಾಡುತ್ತಿದ್ದವು.

ಮಳೆಗಾಲದಲ್ಲಿ ಟಾರ್ಪಾಲಿನದೇ ಯಜಮಾನಿಕೆ. ಎರಡು ಟಾರ್ಪಾಲು ಹೊದಿಸುವಾಗ ಮುಂದಿನದರ ಅಂಚು ಹಿಂದಿನದರ ಮೇಲೆ ಬರಬೇಕು. ಓಡುವ ಲಾರಿಗೆ ಮಳೆ ಹೊಡೆಯುವುದು ಎದುರಿನಿಂದ. ಅಂಚು ತಿರುಗುಮುರುಗಾದರೆ ಗಾಳಿ ಒಳಹೊಕ್ಕು ಟಾರ್ಪಾಲನ್ನು ಹಾಯಿಯಂತೆ ಎತ್ತುತ್ತದೆ. ಹತ್ತಿಯ ಹಾಸಿಗೆ ಒಮ್ಮೆ ನೆನೆದರೆ ಮಲೆನಾಡಿನ ಮಳೆಗಾಲದಲ್ಲಿ ಮತ್ತೆ ಒಣಗುವ ಮಾತಿಲ್ಲ. ಸಾಮಾನು ನೆನೆಯುವುದು ದಾರಿಯಲ್ಲಿ ಕಡಿಮೆ, ಬಾಗಿಲಿನಿಂದ ಲಾರಿಯವರೆಗಿನ ಹತ್ತು ಹೆಜ್ಜೆಯಲ್ಲಿ ಹೆಚ್ಚು. ಅದಕ್ಕೇ ಅನುಭವಸ್ಥರು ಹಾಸಿಗೆ, ಪುಸ್ತಕಗಳನ್ನು ಒಳಗೇ ಕಟ್ಟಿಟ್ಟು ಮಳೆ ಹೊಳವಾದಾಗ ಮೊದಲು ಅವನ್ನೇ ಸಾಗಿಸುತ್ತಾರೆ.

ಬೇಸಿಗೆಯ ಕಷ್ಟ ಬೇರೆ. ಕಲಬುರಗಿ, ರಾಯಚೂರುಗಳಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಕಡೆಯ ಜಿಲ್ಲೆಗಳಲ್ಲಿ ಏಪ್ರಿಲ್–ಮೇನಲ್ಲಿ ಸರ್ಕಾರಿ ಕಚೇರಿಗಳೇ ಬೆಳಗಿನ ವೇಳೆಗೆ ಬದಲಾಗುತ್ತವೆ. ಅಲ್ಲಿ ನಸುಕಿಗೇ ಹೇರಿ, ರಾತ್ರಿಯ ತಂಪಿನಲ್ಲಿ ಪ್ರಯಾಣ ಮಾಡುವುದು ವಾಡಿಕೆ. ಚಳಿಗಾಲದ ರಸ್ತೆ ಒಣಗಿದ್ದರೂ ಕಬ್ಬು ನುರಿಸುವ ಹಂಗಾಮಿನಲ್ಲಿ, ಭತ್ತದ ಕೊಯ್ಲಿನಲ್ಲಿ ಲಾರಿಗಳು ಸುಲಭಕ್ಕೆ ಸಿಗುವುದಿಲ್ಲ. ಹೀಗಾಗಿ ಎಲ್ಲ ರೀತಿಯಲ್ಲೂ ಅನುಕೂಲವಾದ ತಿಂಗಳು ಎಂಬುದು ಯಾವುದೂ ಇಲ್ಲ. ಇದರ ಮೇಲೆ ಸರ್ಕಾರದ ಸಾಮಾನ್ಯ ವರ್ಗಾವಣೆ ನಡೆಯುವುದು ಬೇಸಿಗೆಯಲ್ಲಿ, ಶಾಲೆ ತೆರೆಯುವುದು ಜೂನ್ ಹೊತ್ತಿಗೆ. ಆದೇಶ ಎರಡು ವಾರ ತಡವಾದರೆ ಸಂಸಾರ ಹೊರಡುವ ದಿನಕ್ಕೂ ಮುಂಗಾರು ಇಳಿಯುವ ದಿನಕ್ಕೂ ಅಂತರವೇ ಉಳಿಯುವುದಿಲ್ಲ. ಪಂಚಾಂಗ ತಪ್ಪಿಸಿದ್ದ ಮಳೆಗೆ ಸುತ್ತೋಲೆ ಎದುರಾಗಿಸಿತು.

ಆಯ್ಕೆಯಿಲ್ಲದವರು

ಲಾರಿ ಹತ್ತಿದವರು ವರ್ಗಾವಣೆಯ ನೌಕರರು ಮಾತ್ರವಲ್ಲ. ಶರಾವತಿಗೆ ಅಡ್ಡಲಾಗಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ನೀರಿನಡಿ ಸೇರಿದವು. ಅಲ್ಲಿನ ಜನ ತಲೆಮಾರುಗಳ ಮನೆಯನ್ನು ಬಿಚ್ಚಿ, ಸಿಕ್ಕ ಸಾಮಾನನ್ನು ಲಾರಿಗೆ ಹೇರಿ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡಂಚಿಗೆ ಹೋಗಿ ಇಳಿದರು. ಯಾವ ತಿಂಗಳು, ಯಾವ ವಾಹನ ಎಂದು ಆರಿಸುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಏರುವ ನೀರೇ ಗಡುವು. ತೋಟ, ಗದ್ದೆ, ಭೂತನ ಕಟ್ಟೆಗಳು ಯಾವ ಲಾರಿಗೂ ಹತ್ತುವಂಥವಲ್ಲ. ಹೋಗಿ ನೆಲೆಸಿದ ಭೂಮಿಯ ಹಕ್ಕುಪತ್ರದ ತಕರಾರು ಆರು ದಶಕ ಕಳೆದರೂ ಪೂರ್ತಿ ಬಗೆಹರಿದಿಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ದುಡಿದ ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಈ ಸಂಕಟವನ್ನೇ ವಸ್ತುವಾಗಿಸಿಕೊಂಡರು.

ಹಿನ್ನೀರಿನ ಆಚೆ ಉಳಿದ ತುಮರಿ ಭಾಗದವರ ಪಾಡು ಇನ್ನೊಂದು ಬಗೆಯದು. ಸಾಗರಕ್ಕೆ ನೇರವಾಗಿ ಬರಲು ಅವರಿಗಿದ್ದದ್ದು ಲಾಂಚ್. ವಾಹನಗಳು ಲಾಂಚ್ ಹತ್ತಿಯೇ ದಾಟಬೇಕು. ಇಲ್ಲಿ ಹೆದರಿಕೆ ಮಳೆಗಾಲದ್ದಲ್ಲ, ಮಳೆ ತಡವಾಗುವುದರದ್ದು. 2023ರ ಜೂನ್‌ನಲ್ಲಿ ಹಿನ್ನೀರು ತಗ್ಗಿ ಲಾಂಚಿನಲ್ಲಿ ವಾಹನ ಸಾಗಿಸುವುದನ್ನೇ ನಿಲ್ಲಿಸಬೇಕಾಯಿತು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸುಮಾರು 2.4 ಕಿ.ಮೀ. ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾದ ಮೇಲೆ ಸಾಮಾನು ತುಂಬಿದ ಲಾರಿ ನೀರಿನ ಮಟ್ಟ ಕೇಳದೆ ಮನೆ ಬಾಗಿಲಿಗೆ ಬರುವಂತಾಯಿತು.

ಸಂಸಾರದ ಅಳತೆಯ ಗಾಡಿ

ಸಂಸಾರದ ಅಳತೆಗೆ ಹೊಂದುವ ವಾಹನ ಬಂದದ್ದು ತಡವಾಗಿ. 1986ರಲ್ಲಿ ಬಂದ ಟಾಟಾ 407 ಎರಡು ಟನ್ನಿಗಿಂತ ತುಸು ಹೆಚ್ಚು ಹೊರುತ್ತಿತ್ತು. ಎರಡು ಕೋಣೆಯ ಮನೆಗೆ ಹೇಳಿಸಿದ ಗಾಡಿ. 2005ರಲ್ಲಿ ಬಂದ, ಉತ್ತರ ಭಾರತದವರು ‘ಛೋಟಾ ಹಾಥಿ’ ಎಂದು ಕರೆದ ಟಾಟಾ ಏಸ್ ಮುಕ್ಕಾಲು ಟನ್ನಿನಷ್ಟು ಹೊತ್ತು ಮಲ್ಲೇಶ್ವರದ ಅಡ್ಡರಸ್ತೆಗೂ ನುಗ್ಗಬಲ್ಲದು. ಲಾರಿಗಾಗಿ ಸಂಸಾರಗಳು ಜೊತೆಗೂಡಬೇಕಾದ ಅಗತ್ಯ ತಪ್ಪಿತು.

ಆದರೂ ಆಯ್ಕೆಯ ಸೂತ್ರ ಹಳೆಯದೇ. ಮನೆ ಸಾಮಾನಿನಲ್ಲಿ ತೂಕಕ್ಕಿಂತ ಗಾತ್ರ ಹೆಚ್ಚು. ಹೊರೆ ಎಷ್ಟೆಂದು ಕೇಳುವ ಮೊದಲು ಜಾಗ ಎಷ್ಟೆಂದು ಅಳೆಯಬೇಕು. ಊರೊಳಗಿನ ಬೀದಿಗೆ ಸಣ್ಣ ಗಾಡಿಯ ಎರಡು ಸುತ್ತು ಅಗ್ಗವಾಗಬಹುದು. ಮಳೆಯಲ್ಲಿ ಘಟ್ಟ ಇಳಿಯುವುದಾದರೆ ಮೇಲೆ, ಪಕ್ಕ ಎಲ್ಲ ಮುಚ್ಚಿದ ಡಬ್ಬಿಯಂಥ ಗಾಡಿಯ ಒಂದೇ ಸುತ್ತು ಮೇಲು. ದಾರಿಯನ್ನೂ ಕೇಳಿಕೊಳ್ಳಬೇಕು. ಆಗುಂಬೆಯ 14 ತಿರುವುಗಳಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ದಾರಿ ಕುಸಿಯಿತು. ಮರುವರ್ಷದ ಆಗಸ್ಟ್‌ನಲ್ಲಿ ಚಾರ್ಮಾಡಿಯ ಸರದಿ.

ಅಗಲವಾದ ಹೆದ್ದಾರಿ, ಮುಚ್ಚಿದ ಲಾರಿ, ಫೋನಿನಲ್ಲೇ ಗೊತ್ತಾಗುವ ಬಾಡಿಗೆ ಇವೆಲ್ಲ ಬಂದ ಮೇಲೆ ಮಳೆಯ ಲೆಕ್ಕ ಮುಗಿಯಿತೆಂದು ಅನ್ನಿಸುವುದು ಸಹಜ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿಯ ಮೇಲೆ ಬಿತ್ತು. ಹಲವರು ಸತ್ತರು. ಅಲ್ಲಿ ನಿಂತಿದ್ದ ಮರದ ದಿಮ್ಮಿಯ ಲಾರಿಯೊಂದು ಗಂಗಾವಳಿ ನದಿ ಸೇರಿತು. ಅದನ್ನೂ ಅದರೊಳಗಿದ್ದ ಚಾಲಕನ ಶವವನ್ನೂ ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕಾಯಿತು. ಅದೇ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದು ಇನ್ನೊಂದು ಲಾರಿ ನೀರಿಗೆ ಬಿತ್ತು. ಅದರ ಚಾಲಕ ಬದುಕಿ ಬಂದ.

ಶಿರೂರಿನ ಗುಡ್ಡ ಕುಸಿದಾಗ ನಡೆಯುತ್ತಿದ್ದದ್ದು ಆಷಾಢ ಮಾಸ. ಅದರಲ್ಲಿ ಶಕುನವೇನೂ ಇಲ್ಲ. ಆ ತಿಂಗಳು ಘಟ್ಟದ ಮಣ್ಣು ನೀರು ಕುಡಿದು ಸಡಿಲವಾಗಿರುತ್ತದೆ, ಅಷ್ಟೆ. ಎತ್ತಿನ ಗಾಡಿಯವರು ದಾರಿಯನ್ನು ನೋಡಿ ಕಲಿತದ್ದನ್ನು ನಂಬಿಕೆಯ ರೂಪದಲ್ಲಿ ಉಳಿಸಿಕೊಂಡರು. ಇಂದಿನವರಿಗೆ ನಂಬಿಕೆ ಬೇಕಿಲ್ಲದಿದ್ದರೆ ಬೇಡ, ಹವಾಮಾನ ಇಲಾಖೆಯ ಮುನ್ಸೂಚನೆ ಇದೆ. ಹಾಲು ಉಕ್ಕಿಸುವ ದಿನವನ್ನು ಎರಡು ದಿನ ಮುಂದಕ್ಕೆ ಹಾಕಿದರೆ ಹೊಸ ಮನೆಗೆ ಆಗುವ ನಷ್ಟ ಏನೂ ಇಲ್ಲ.