ಕೊಳಗದ ನ್ಯಾಯ: ಶಾಂತವೇರಿ ಗೋಪಾಲಗೌಡರ ಸಾರ್ವಜನಿಕ ಜೀವನ

ಧಾನ್ಯ ಅಳೆಯುವ ಒಂದು ಪಾತ್ರೆಯು ಒಂದು ನಾಡಿನ ರಾಜಕಾರಣಕ್ಕೆ ಹೊಸ ದಿಕ್ಕನ್ನು ತೋರಿಸಬಲ್ಲುದೆಂದರೆ ಇಂದಿನ ತರುಣರು ನಂಬಲಾರರು. ಆದರೆ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡು ಗ್ರಾಮದಲ್ಲಿ ಸುಮಾರು ಎಪ್ಪತ್ತೈದು ವರ್ಷಗಳ ಹಿಂದೆ ನಡೆದುದು ಅದೇ. ಸುಗ್ಗಿ ಮುಗಿದು ಕಣದಲ್ಲಿ ಭತ್ತದ ರಾಶಿ ನಿಂತಾಗ ಒಡೆಯರ ಗೇಣಿಯನ್ನು ಕೊಳಗದಿಂದ ಅಳೆದು ಕೊಡಬೇಕಾಗಿತ್ತು. ಗೇಣಿ ಅಳೆಯಲು ಬರುತ್ತಿದ್ದ ಕೊಳಗವು ವಾಡಿಕೆಯ ಕೊಳಗಕ್ಕಿಂತ ದೊಡ್ಡದೆಂಬುದು ಒಕ್ಕಲುಗಳ ದೂರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಪ್ರತಿ ಕೊಳಗಕ್ಕೆ ಅರ್ಧ ಸೇರು ಹೆಚ್ಚು ಹೋದರೂ ಖಂಡುಗವೊಂದಕ್ಕೆ ಹತ್ತು ಸೇರು ಭತ್ತ ಲೆಕ್ಕಕ್ಕೆ ಬಾರದೆ ಹೋಗುತ್ತದೆ. ಒಡೆಯರ ಕಣಜದಲ್ಲಿ ಅದು ಕಾಣಿಸದಷ್ಟು ಅಲ್ಪ. ಒಕ್ಕಲಿನ ಮನೆಯಲ್ಲಿ ಅದು ಮಳೆಗಾಲದ ಗಂಜಿ.

ಶ್ರಾವಕರಿಗೆ ಈ ಪ್ರಶ್ನೆ ಹೊಸದಲ್ಲ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು. ಕೊಡುವಾಗ ಕಿರಿದಾದ ಅಳತೆ, ಕೊಳ್ಳುವಾಗ ಹಿರಿದಾದ ಅಳತೆ ಬಳಸುವುದನ್ನು ನಮ್ಮ ಆಚಾರ್ಯರು ಕಳವಿನ ಸಾಲಿನಲ್ಲೇ ಎಣಿಸಿದರು. ಆ ಮಾತನ್ನು ಗ್ರಂಥದಿಂದಲ್ಲ, ಕಣದ ಅನುಭವದಿಂದಲೇ ಅರಿತು ಅದಕ್ಕಾಗಿ ಬದುಕನ್ನು ಸವೆಸಿದ ಒಬ್ಬ ಗ್ರಾಮೀಣ ರಾಜಕಾರಣಿಯನ್ನು ಇಲ್ಲಿ ಸ್ಮರಿಸುವುದು ಅನುಚಿತವಾಗಲಾರದು.

ಶಾಂತವೇರಿ ಗೋಪಾಲಗೌಡರು 1923ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಸಾಮಾನ್ಯ ಕುಟುಂಬವೊಂದರಲ್ಲಿ ಜನಿಸಿದರು. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಯಲ್ಲಿ ಧುಮುಕಿ ಸೆರೆಮನೆ ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಅನೇಕರು ಅಧಿಕಾರದ ಪಕ್ಷದತ್ತ ನಡೆದಾಗ ಅವರು ಸಮಾಜವಾದಿ ಪಕ್ಷವನ್ನು ಆರಿಸಿಕೊಂಡರು. ಜಯಪ್ರಕಾಶ ನಾರಾಯಣ ಮತ್ತು ರಾಮಮನೋಹರ ಲೋಹಿಯಾ ಅವರ ವಿಚಾರಗಳು ಅವರನ್ನು ರೂಪಿಸಿದವು.

ಸಾಗರ ತಾಲ್ಲೂಕಿನಲ್ಲಿ ಎಚ್. ಗಣಪತಿಯಪ್ಪನವರು ರೈತರನ್ನು ಆಗಲೇ ಸಂಘಟಿಸತೊಡಗಿದ್ದರು. ಒಕ್ಕಲುಗಳಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಅವರ ಬೇಡಿಕೆಗಳನ್ನು ಈಗ ಓದಿದರೆ ಅವುಗಳ ಸೌಮ್ಯತೆಗೆ ಬೆರಗಾಗುತ್ತದೆ: ಕೊಳಗ ನ್ಯಾಯವಾಗಿರಲಿ, ಕೊಟ್ಟ ಗೇಣಿಗೆ ರಶೀದಿ ಸಿಗಲಿ, ಬಿಟ್ಟಿ ದುಡಿಮೆ ನಿಲ್ಲಲಿ. ಭೂಮಿಯೇ ತಮ್ಮದಾಗಬೇಕೆಂದು ಅವರು ಮೊದಲಿಗೆ ಕೇಳಿರಲಿಲ್ಲ. ಈ ಸಣ್ಣ ಬೇಡಿಕೆಗಳೂ ಈಡೇರದೆ, ಉಳುವುದಕ್ಕೇ ತಡೆ ಬಂದಾಗ, 1951ರ ಏಪ್ರಿಲ್ 18ರಂದು ರೈತರು ನೇಗಿಲು ಹಿಡಿದು ಗದ್ದೆಗಿಳಿದರು, ಬಂಧಿತರಾದರು. ಸಮಾಜವಾದಿ ಪಕ್ಷ ಸತ್ಯಾಗ್ರಹದ ಹೊಣೆ ಹೊತ್ತಿತು. ಗೋಪಾಲಗೌಡರು ಹಳ್ಳಿಯಿಂದ ಹಳ್ಳಿಗೆ ತಿರುಗಿ ಜನರನ್ನು ಅಣಿಗೊಳಿಸಿದರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದಾಗ ಕಾಗೋಡಿನ ಹೆಸರು ದೇಶಕ್ಕೆಲ್ಲ ತಿಳಿಯಿತು. ಆದರೂ ಆ ಒಕ್ಕಲುಗಳಿಗೆ ಭೂಮಿ ಒಡನೆಯೇ ದೊರೆಯಲಿಲ್ಲ. ಹೋರಾಟದ ಫಲ ಹೋರಾಡಿದವನ ಕೈಗೇ ಬರಬೇಕೆಂಬ ನಿಯಮ ಇತಿಹಾಸದಲ್ಲಿಲ್ಲ.

1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಅವರು ಮೈಸೂರು ವಿಧಾನಸಭೆಗೆ ಆರಿಸಿ ಬಂದರು. ಒಂದು ಓಟು, ಒಂದು ನೋಟು ಎಂದು ಮತದೊಡನೆ ಹಣವನ್ನೂ ಮತದಾರರೇ ಕೊಟ್ಟರೆಂದು ಮಲೆನಾಡಿನಲ್ಲಿ ಇಂದಿಗೂ ನೆನೆಯುತ್ತಾರೆ. ಮತಕ್ಕಾಗಿ ಹಣ ಹಂಚುವುದನ್ನು ಕಂಡಿರುವ ನಮಗೆ ಇದು ಕಥೆಯಂತೆ ಕೇಳಿಸೀತು. 1957ರಲ್ಲಿ ಸೋತರು; 1962 ಮತ್ತು 1967ರಲ್ಲಿ ಮತ್ತೆ ಗೆದ್ದರು. ಮೂರು ಬಾರಿ ಶಾಸಕರಾಗಿದ್ದರೂ ಒಮ್ಮೆಯೂ ಮಂತ್ರಿಯಾಗಲಿಲ್ಲ. ವಿರೋಧ ಪಕ್ಷದ ಪೀಠದಲ್ಲಿ ಕುಳಿತು ಉಳುವವನಿಗೆ ಭೂಮಿಯ ಹಕ್ಕು, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಎಂಬ ವಿಷಯಗಳನ್ನು ಬಿಡದೆ ಎತ್ತಿದರು.

ಇಲ್ಲಿ ಇನ್ನೊಂದು ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಅದೇ ತೀರ್ಥಹಳ್ಳಿ ಸೀಮೆಯ ಕಡಿದಾಳ ಮಂಜಪ್ಪನವರು ಕಾಂಗ್ರೆಸ್ಸಿನಲ್ಲಿದ್ದುಕೊಂಡು, ಕಂದಾಯ ಮಂತ್ರಿಯಾಗಿ ಗೇಣಿದಾರರ ರಕ್ಷಣೆಯ ಶಾಸನಕ್ಕಾಗಿ ಶ್ರಮಿಸಿದರು. 1956ರಲ್ಲಿ ಸ್ವಲ್ಪ ಕಾಲ ಮುಖ್ಯಮಂತ್ರಿಯೂ ಆದರು. ಒಬ್ಬರು ಕಾನೂನಿನ ಹಾದಿ ಹಿಡಿದರು, ಇನ್ನೊಬ್ಬರು ಸತ್ಯಾಗ್ರಹದ ಹಾದಿ ಹಿಡಿದರು. ಸತ್ಯಕ್ಕೆ ಅನೇಕ ಮುಖಗಳುಂಟೆಂದು ನಂಬುವವರು ಇವರಿಬ್ಬರಲ್ಲಿ ಒಬ್ಬರನ್ನು ಹೊಗಳಲು ಇನ್ನೊಬ್ಬರನ್ನು ತೆಗಳಬೇಕಾಗಿಲ್ಲ.

ಗೋಪಾಲಗೌಡರು ದೀರ್ಘ ಅನಾರೋಗ್ಯದ ನಂತರ 1972ರ ಜೂನ್ 9ರಂದು ತೀರಿಕೊಂಡರು. ಆಗ ಅವರಿಗೆ ಐವತ್ತು ವರ್ಷವೂ ತುಂಬಿರಲಿಲ್ಲ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿ ಭೂಮಿಯೆಲ್ಲ ಸರ್ಕಾರದಲ್ಲಿ ನಿಹಿತವಾಗಿ, ನ್ಯಾಯಮಂಡಳಿಗಳ ಮೂಲಕ ಉಳುವವರಿಗೆ ಸೇರತೊಡಗಿತು. ಎರಡು ದಶಕ ಕೂಗಿದ ಮಾತುಗಳು ನಿಜವಾಗುವಾಗ ಕೂಗಿದವನು ಇರಲಿಲ್ಲ. ಅವರೊಡನೆ ಸಮಾಜವಾದದ ಪಾಠ ಕಲಿತ ಜಿಲ್ಲೆಯಿಂದಲೇ ಎಸ್. ಬಂಗಾರಪ್ಪ ಮತ್ತು ಜೆ.ಎಚ್. ಪಟೇಲರು ಮುಂದೆ ಮುಖ್ಯಮಂತ್ರಿಗಳಾದರು. ಕಾಗೋಡು ತಿಮ್ಮಪ್ಪನವರು ವಿಧಾನಸಭಾಧ್ಯಕ್ಷರೂ ಕಂದಾಯ ಸಚಿವರೂ ಆದರು.

ಈ ಭಾಗವನ್ನು ನಮ್ಮ ಅನೇಕ ಮನೆಗಳಲ್ಲಿ ಬೇರೆ ರೀತಿಯಾಗಿ ಹೇಳುವುದುಂಟು. ಮಲೆನಾಡಿನಲ್ಲೂ ಕರಾವಳಿಯಲ್ಲೂ ಗೇಣಿಯ ಆದಾಯದಿಂದ ಬಾಳಿದ ಜೈನ ಮನೆತನಗಳಿದ್ದವು, ಗೇಣಿಯ ಭತ್ತದಿಂದ ನಿತ್ಯಪೂಜೆ ನಡೆಸಿದ ಬಸದಿಗಳಿದ್ದವು. 1974ರ ನಂತರ ಆ ಭೂಮಿ ಕೈಬಿಟ್ಟಿತು. ಆಸರೆಯಿಲ್ಲದ ವಿಧವೆಯರೂ ಸಣ್ಣ ಹಿಡುವಳಿಯವರೂ ಕಷ್ಟಪಟ್ಟದ್ದು ಸುಳ್ಳಲ್ಲ. ಆ ನೋವನ್ನು ಅಲ್ಲಗಳೆಯುವುದೂ ಧರ್ಮವಲ್ಲ. ಆದರೆ ನಷ್ಟದ ಕಥೆಯನ್ನು ಮಕ್ಕಳಿಗೆ ಹೇಳುವಾಗ ಕೊಳಗದ ಕಥೆಯನ್ನೂ ಹೇಳಬೇಡವೆ? ಒಡೆಯರಲ್ಲಿ ಧರ್ಮವಂತರು ಎಲ್ಲ ಸಮುದಾಯಗಳಲ್ಲೂ ಇದ್ದರು. ಅಳತೆ ಸರಿಯಿದ್ದ ಮನೆಯಲ್ಲಿ ಒಕ್ಕಲುಗಳ ಗೌರವ ಭೂಮಿ ಹೋದ ಮೇಲೂ ಉಳಿಯುವುದು ಸಹಜ. ಅಳತೆ ತಪ್ಪಿದ ಮನೆಯಲ್ಲಿ ಭೂಮಿಗಿಂತ ಮೊದಲೇ ಆ ಗೌರವ ಹೋಗಿರುತ್ತದೆ. ಇಂದು ಕೊಳಗವಿಲ್ಲ, ಬಾಡಿಗೆಯ ಕರಾರಿದೆ, ಕೂಲಿಯ ಲೆಕ್ಕವಿದೆ, ಟ್ರಸ್ಟಿನ ಜಮಾಖರ್ಚಿದೆ. ರಶೀದಿ ಕೊಡಿ ಎಂಬ ಕಾಗೋಡಿನ ಬೇಡಿಕೆ ಇವುಗಳೆಲ್ಲಕ್ಕೂ ಅನ್ವಯಿಸುತ್ತದೆ.

ಗೋಪಾಲಗೌಡರು ದೋಷರಹಿತರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಅವರ ಬಾಳಿನಿಂದ ಪ್ರೇರಣೆ ಪಡೆದ ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯೂ ನಾಯಕನನ್ನು ಸಂತನನ್ನಾಗಿ ಚಿತ್ರಿಸಿಲ್ಲ. ಸಿಟ್ಟು, ದೌರ್ಬಲ್ಯ, ಆತ್ಮಪರೀಕ್ಷೆ ಎಲ್ಲವೂ ಅಲ್ಲಿವೆ. ಆದರೆ ರಾಜಕಾರಣವನ್ನು ಸಂಪಾದನೆಯ ದಾರಿಯಾಗಿ ಕಾಣದ ಒಬ್ಬ ಮನುಷ್ಯ ಹಳ್ಳಿಯ ಕಣದಿಂದ ಎದ್ದು ಬಂದು, ಅಧಿಕಾರವಿಲ್ಲದೆಯೂ ಒಂದು ನಾಡಿನ ಅಂತಃಕರಣವನ್ನು ಕಲಕಬಲ್ಲನೆಂಬುದಕ್ಕೆ ಅವರ ಬದುಕು ಸಾಕ್ಷಿ. ನಮ್ಮ ನಮ್ಮ ಮನೆಯ ಅಳತೆ ಸರಿಯಾಗಿದೆಯೆ ಎಂದು ಓದುಗರು ಒಮ್ಮೆ ನೋಡಿಕೊಂಡರೆ ಈ ಸ್ಮರಣೆ ಸಾರ್ಥಕವಾದೀತು.