ಇಸೆಯ ದೇವಾಲಯ

ಜಪಾನ್ ದೇಶದ ಶಿಂಟೋ ಕ್ಷೇತ್ರಗಳಲ್ಲಿ ಇಸೆಯು ಅಗ್ರಗಣ್ಯವಾದುದು. ಅಲ್ಲಿ ಒಳಗುಡಿ, ಹೊರಗುಡಿ ಎಂಬ ಎರಡು ಪ್ರಧಾನಾಲಯಗಳುಂಟು. ಸೂರ್ಯದೇವತೆಯೂ ರಾಜವಂಶದ ಮೂಲಮಾತೆಯೂ ಆದ ಅಮತೆರಸುವಿನ ಸನ್ನಿಧಿಯು ಒಳಗುಡಿಯಲ್ಲಿರುವುದು. ಯಾತ್ರಿಕನು ಉಜಿ ಎಂಬ ಮರದ ಸೇತುವೆಯನ್ನು ದಾಟಿ, ಇಸುಜು ನದಿಯಲ್ಲಿ ಕೈತೊಳೆದು, ಮುಗಿಲೆತ್ತರದ ಮರಗಳ ನೆರಳಿನಲ್ಲಿ ನಡೆದು ಅಲ್ಲಿಗೆ ಸೇರುತ್ತಾನೆ. ಆದರೆ ಅವನಿಗೆ ಕಾಣುವುದು ಬೇಲಿಯ ಬಾಗಿಲಲ್ಲಿ ತೂಗುವ ಬಿಳಿಯ ತೆರೆ ಮತ್ತು ಅದರಾಚೆಗೆ ಹುಲ್ಲು ಹೊದಿಸಿದ ಮಾಡು, ಇಷ್ಟೇ. ಶಿಲೆಯಿಲ್ಲ, ಶಿಖರವಿಲ್ಲ. ಕಟ್ಟಡದ ಮರವಾದರೂ ಹಳೆಯದಲ್ಲ. ಹಾಗಾದರೆ ಈ ಕ್ಷೇತ್ರದ ಪ್ರಾಚೀನತೆ ಯಾವುದರಲ್ಲಿದೆ?

ಕ್ರಿ. ಶ. 720ರಲ್ಲಿ ಸಂಕಲಿತವಾದ 'ನಿಹೊನ್ ಶೋಕಿ' ಎಂಬ ಗ್ರಂಥವು ಇದರ ಮೂಲವನ್ನು ಹೇಳುತ್ತದೆ. ಮೊದಲು ದೇವಿಯ ಆರಾಧನೆಯು ಅರಮನೆಯೊಳಗೇ ನಡೆಯುತ್ತಿತ್ತು. ಆ ಮಹಾಸಾನ್ನಿಧ್ಯಕ್ಕೆ ಅಂಜಿದ ಸುಜಿನ್ ಚಕ್ರವರ್ತಿಯು ಆಕೆಯನ್ನು ಹೊರಗೆ ಬಿಜಯಮಾಡಿಸಿದನು. ಅವನ ಮಗ ಸುಯಿನಿನ್ನನ ಕಾಲದಲ್ಲಿ ರಾಜಪುತ್ರಿ ಯಮಾತೊಹಿಮೆಯು ತಕ್ಕ ಎಡೆಯನ್ನರಸುತ್ತ ಅನೇಕ ಪ್ರಾಂತಗಳನ್ನು ಸುತ್ತಿ ಇಸೆಗೆ ಬರಲು, ಇಲ್ಲಿಯೇ ನೆಲಸುವೆನೆಂದು ದೇವಿಯು ಅಪ್ಪಣೆಕೊಡಿಸಿದಳಂತೆ. ದೇವಿಯ ಪ್ರತೀಕವು ಒಂದು ಕನ್ನಡಿ. ಅದನ್ನು ಯಾರೂ ನೋಡಕೂಡದು. ಇದು ಪುರಾಣಕಥೆಯೇ ಹೊರತು ಇತಿಹಾಸವೆಂದು ಗಣಿಸತಕ್ಕುದಲ್ಲ.

ಇತಿಹಾಸದ ನೆಲೆಯು ಬೇರೆಡೆ ದೊರೆಯುತ್ತದೆ. ಜಿತೋ ಚಕ್ರವರ್ತಿನಿಯ ಕಾಲದಲ್ಲಿ, ಎಂದರೆ 690ರಲ್ಲಿ, ಒಳಗುಡಿಯ ಮೊದಲನೆಯ ನವನಿರ್ಮಾಣವು ನಡೆಯಿತು. ಅಂದಿನಿಂದ ಇಪ್ಪತ್ತು ವರ್ಷಗಳಿಗೊಮ್ಮೆ, ಪಕ್ಕದ ಬರಿದು ನಿವೇಶನದಲ್ಲಿ ಹಿನೋಕಿ ಮರದಿಂದ ಅದೇ ಆಕಾರದ ಗುಡಿಯನ್ನು ಕಟ್ಟಿ, ರಾತ್ರಿಯಲ್ಲಿ ದೇವಿಯನ್ನು ಅಲ್ಲಿಗೆ ಬಿಜಯಮಾಡಿಸುವುದು ವಿಧಿಯಾಯಿತು. ಜೀರ್ಣವಾದ ಬಳಿಕ ಉದ್ಧರಿಸುವುದು ಭಾರತದ ದೇವಾಲಯಗಳ ಪದ್ಧತಿ. ಕಾಲ ತುಂಬಿದೊಡನೆ ಹೊಸದನ್ನು ಕಟ್ಟುವುದು ಇಸೆಯ ಪದ್ಧತಿ. ಹೀಗೆ ಹಿರಿಯ ಬಡಗಿಯ ಕೈಚಳಕವು ಅವನಿರುವಾಗಲೇ ಕಿರಿಯನಿಗೆ ದಾಟುತ್ತದೆ.

ಆದರೆ ಈ ಸರಣಿಯು ಅಖಂಡವಾದುದೆಂದು ಭಾವಿಸಬಾರದು. ದೇಶವು ಅಂತಃಕಲಹದಲ್ಲಿ ಬೆಂದಾಗ, 1462ರ ತರುವಾಯ 1585ರವರೆಗೆ ಒಳಗುಡಿಯ ನವನಿರ್ಮಾಣವು ನಿಂತುಹೋಗಿತ್ತು. ಮರಳಿ ಕಟ್ಟುವಾಗ, ಹಿಂದಿನದನ್ನು ಕಣ್ಣಾರೆ ಕಂಡವರಾರೂ ಉಳಿದಿರಲಿಲ್ಲ. ಆದುದರಿಂದ ಇಂದಿನ ಗುಡಿಯು ಸರ್ವಾಂಶದಲ್ಲಿಯೂ ಮೂಲದಂತೆಯೇ ಇದೆಯೆಂಬುದು ಸಾಹಸದ ಮಾತು. 1949ರಲ್ಲಿ ಸಲ್ಲಬೇಕಾಗಿದ್ದ ನವನಿರ್ಮಾಣವೂ ಯುದ್ಧದ ಸೋಲಿನಿಂದ ತಡವಾಗಿ, ಸರ್ಕಾರದ ಆಶ್ರಯ ತಪ್ಪಿದ್ದರೂ ಜನರ ಕಾಣಿಕೆಯಿಂದಲೇ 1953ರಲ್ಲಿ ನೆರವೇರಿತು. ಅರವತ್ತೆರಡನೆಯದು 2013ರಲ್ಲಿ ನಡೆಯಿತು.

ಇಸೆಯ ಪ್ರಾಚೀನತೆಯು ಮರದಲ್ಲಿಲ್ಲ. ಮುರಿದ ಕಟ್ಟಳೆಯನ್ನು ಮತ್ತೆ ಹಿಡಿದ ಜನರ ಶ್ರದ್ಧೆಯಲ್ಲಿದೆ. ಹಾಗೆಂದು ಹಳೆಯ ಮರಕ್ಕೆ ಅನಾದರವಿಲ್ಲ. ಕಳಚಿದ ಗುಡಿಗಳ ಹಿರಿಯ ಕಂಬಗಳಿಂದ ಉಜಿ ಸೇತುವೆಯ ಎರಡು ಕೊನೆಗಳಲ್ಲಿಯೂ ಹೆಬ್ಬಾಗಿಲುಗಳನ್ನು ನಿಲ್ಲಿಸುವರು. ಹೊಸ ಗುಡಿಗೆ ಹೋಗುವ ಯಾತ್ರಿಕನು ಹಳೆಯ ಗುಡಿಯ ಕಂಬಗಳ ನಡುವೆಯೇ ಹಾದುಹೋಗುತ್ತಾನೆ.